ಟಿವಿಯಲ್ಲಿ ನೋಡಿದ ಬೀದರನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬಹುದೇ?

ಟಿವಿಯ ಪ್ರವಾಸ ಕಾರ್ಯಕ್ರಮದಲ್ಲಿ ಬೀದರ್ ನೋಡಿ ಆಸೆಯಾಗಿದೆ, ಅದರಲ್ಲಿ ತೋರಿಸಿದ ಜಾಗಗಳನ್ನು ಒಂದು ದಿನದಲ್ಲಿ ಸುತ್ತಬಹುದೇ ಎಂದು ಕೇಳಿದ್ದೀರಿ. ನಾನು ಆ ಊರಿನವನು. ಸುತ್ತಬಹುದು. ಆದರೆ ದಯವಿಟ್ಟು ಹಾಗೆ ಬರಬೇಡಿ.

ಈಗಿನ ಬಹುಪಾಲು ಕಾರ್ಯಕ್ರಮಗಳಲ್ಲಿ ಬೀದರ್ ಎಂದರೆ ಡ್ರೋನಿನಿಂದ ತೆಗೆದ ಕೋಟೆ, ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾದಲ್ಲಿ ಉಳಿದಿರುವ ಒಂದು ಮಿನಾರು, ನಿರೂಪಕರ ಕೈಯಲ್ಲೊಂದು ಬಿದ್ರಿ ಹೂಜಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿಯ ಚಿತ್ತಾರ ಕೂರಿಸಿದ ನಮ್ಮೂರಿನ ಕಸುಬಿನ ಹೂಜಿ. ಅಲ್ಲಿಗೆ ಜಾಹೀರಾತು ಬರುತ್ತದೆ. ಆ ಹೂಜಿ ಕಪ್ಪಗಾದದ್ದು ಹೇಗೆ, ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೆ ಉಳಿದದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ. ನನಗೆ ಸಂಕಟವಾಗುವುದು ಇಲ್ಲಿಯೇ. ಕ್ಯಾಮೆರಾಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯ ನಮ್ಮೂರಿನಲ್ಲಿ ಇನ್ನೊಂದಿಲ್ಲ.

ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಮೈಲುತುತ್ತದ ನೀರು ಸವರುತ್ತಾರೆ. ಅದರಿಂದ ಬರುವ ಕಪ್ಪು ತಾತ್ಕಾಲಿಕ, ಚಿತ್ತಾರ ಗೀರಲು ಮಾತ್ರ. ಗೀರಿದ್ದನ್ನು ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನು ತಟ್ಟಿ ತಟ್ಟಿ ಕೂರಿಸುತ್ತಾರೆ. ಉಜ್ಜಿ ನುಣುಪು ಮಾಡಿದ ಮೇಲೆ ಸತುವೂ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ ಬಣ್ಣ. ಅಷ್ಟು ಹೊತ್ತಿನ ಕೆಲಸ ಕಣ್ಣಿಗೇ ಕಾಣುವುದಿಲ್ಲ. ಆಗ ಬರುತ್ತದೆ ಕೋಟೆಯ ಮಣ್ಣು. ಹಳೆಯ ಕಟ್ಟಡಗಳೊಳಗೆ ಬಿಸಿಲು, ಮಳೆ ತಾಗದೆ ಬಿದ್ದಿರುವ ಮಣ್ಣು ಅದು. ಸರಿಯಾದ ಮಣ್ಣು ಹೌದೋ ಅಲ್ಲವೋ ಎಂದು ಹಿರಿಯರು ನಾಲಗೆಗೆ ಹಚ್ಚಿ ನೋಡುತ್ತಾರೆ. ಅದನ್ನು ನವಸಾಗರ ಎಂಬ ಲವಣದೊಂದಿಗೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜಿದರೆ ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಎದ್ದು ನಿಲ್ಲುತ್ತದೆ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿ ಅವರು ಇದೇ ಕಸುಬಿನವರು.

ಇಷ್ಟು ಹೊತ್ತು ಯಾರು ನೋಡುತ್ತಾರೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ತೊಂಬತ್ತರ ದಶಕದಲ್ಲಿ ದೂರದರ್ಶನದ ‘ಸುರಭಿ’ಯಲ್ಲಿ ಸಿದ್ಧಾರ್ಥ್ ಕಾಕ್ ಮತ್ತು ರೇಣುಕಾ ಶಹಾನೆ ಇಂಥ ಕಲೆ, ಕಸುಬುಗಳನ್ನೇ ತೋರಿಸುತ್ತಿದ್ದರು. ಪ್ರೇಕ್ಷಕರ ಪೋಸ್ಟ್‌ಕಾರ್ಡುಗಳು ಎಷ್ಟು ಬಂದವೆಂದರೆ, ಅಂಚೆ ಇಲಾಖೆ ಸ್ಪರ್ಧೆಗಳಿಗೆಂದೇ ಎರಡು ರೂಪಾಯಿಯ ಬೇರೆ ಕಾರ್ಡ್ ತರಬೇಕಾಯಿತು.

ಡ್ರೋನಿಗೆ ಕಾಣದ ಇನ್ನೊಂದು ಬೀದರ್ ನೆಲದಡಿಯಲ್ಲಿದೆ. ನೌಬಾದಿನ ಬಳಿಯ ಸುರಂಗ ಬಾವಿ ಬಹಮನಿಗಳ ಕಾಲದ ನೀರಿನ ವ್ಯವಸ್ಥೆ: ಅಂತರ್ಜಲವನ್ನು ಇಳಿಜಾರಿನ ಸುರಂಗದಲ್ಲಿ ಹರಿಸುವುದು, ಅಲ್ಲಲ್ಲಿ ಮೇಲಿನಿಂದ ಗಾಳಿ, ಬೆಳಕಿಗೆ ಬಾವಿ ತೋಡುವುದು. ಅಷ್ಟೂರಿನ ಗುಮ್ಮಟಗಳನ್ನೂ ಹೊರಗಿನಿಂದಷ್ಟೇ ತೋರಿಸುತ್ತಾರೆ. ಅಲ್ಲಿ ಮಲಗಿರುವ ಸುಲ್ತಾನ ಅಹಮದ್ ಶಾ ವಲಿಯ ಉರುಸಿಗೆ ಕಲಬುರಗಿ ಕಡೆಯ ಮಾಡ್ಯಾಳದಿಂದ ಲಿಂಗಾಯತ ಜಂಗಮರು ಬರುತ್ತಾರೆ, ಹಿಂದೂಗಳೂ ಮುಸ್ಲಿಮರೂ ಸೇರುತ್ತಾರೆ. ಗುಮ್ಮಟದ ಒಳಗಿನ ಬಣ್ಣದ ಚಿತ್ತಾರ ನೋಡಲು ಟಾರ್ಚ್ ತನ್ನಿ.

ಟಿವಿಯಲ್ಲಿ ಕಂಡ ಹಸಿರು ಮಳೆಗಾಲದ್ದು. ಮೇ ತಿಂಗಳಿನಲ್ಲಿ ಬಂದರೆ ಕೋಟೆಯ ಬಂಡೆ ಕಾಲು ಸುಡುತ್ತದೆ; ನವೆಂಬರಿನಿಂದ ಫೆಬ್ರವರಿಯೊಳಗೆ ಬನ್ನಿ, ಎರಡು ದಿನ ಇಟ್ಟುಕೊಳ್ಳಿ. ಕೋಟೆಯನ್ನು ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನ ಹಳೆಯ ಊರಿನ ನಡುವಿನ ಕಾವಲು ಗೋಪುರ ಚೌಬಾರದ ಸುತ್ತಲಿನ ಓಣಿಗಳಲ್ಲಿ ಸುತ್ತಿಗೆಯ ಸದ್ದು ಕೇಳಿದ ಕಡೆ ಅನುಮತಿ ಕೇಳಿ ಕುಳಿತುಕೊಳ್ಳಿ. ಕೊಳ್ಳಲೇಬೇಕೆಂದಿಲ್ಲ. ಕೊಳ್ಳುವುದಾದರೆ ಚೌಕಾಸಿ ಮಾಡುವ ಮೊದಲು ಒಂದು ಎಲೆಯನ್ನು ಕೊರೆಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿ.