ಕೆಲಸ ಬಿಟ್ಟು ಸ್ವಂತವಾಗಿ ವರ್ಚುವಲ್ ಅಸಿಸ್ಟೆಂಟ್ ಆಗಬಹುದಾ? ಎಲ್ಲಿಂದ ಶುರು ಮಾಡಬೇಕು?

ಖಂಡಿತ ಆಗಬಹುದು. ಆದರೆ ಒಬ್ಬ ಕ್ಲೈಂಟ್ ಆದರೂ ಸಿಗುವವರೆಗೆ ರಾಜೀನಾಮೆ ಕೊಡಬೇಡಿ.

ಬೇರೆಯವರ ಇಮೇಲ್, ಕ್ಯಾಲೆಂಡರ್, ಬಿಲ್, ಪ್ರಯಾಣದ ಬುಕಿಂಗ್ ಇಂಥವನ್ನು ದೂರದಿಂದಲೇ ನೋಡಿಕೊಳ್ಳುವ ಕೆಲಸ ಇದು. ಇದರಲ್ಲಿ ಎಷ್ಟೋ ಕೆಲಸ ನೀವು ಈಗಲೇ ಮಾಡುತ್ತಿರುತ್ತೀರಿ, ಅಲ್ವಾ? ಅಕೌಂಟ್ಸ್‌ನಲ್ಲಿ ಇದ್ದವರು ಇನ್‌ವಾಯ್ಸ್ ಕೆಲಸ ಹಿಡಿಯಬಹುದು, ಪಾಠ ಹೇಳುತ್ತಿದ್ದವರು ಆನ್‌ಲೈನ್ ಕೋರ್ಸ್ ನಡೆಸುವವರಿಗೆ ನೆರವಾಗಬಹುದು. ಸುಮ್ನೆ 'ಎಲ್ಲಾ ಮಾಡ್ತೀನಿ' ಅಂದರೆ ಯಾರ ನೆನಪಲ್ಲೂ ಉಳಿಯೋದಿಲ್ಲ.

ಜಾಸ್ತಿ ಜನ ಎಡವೋದು ದರ ಹೇಳುವಾಗ. ವಾರಕ್ಕೆ 40 ಗಂಟೆ ಕೂತರೂ ಬಿಲ್ ಮಾಡೋಕೆ ಆಗೋದು 25 ಗಂಟೆ ಅಂದುಕೊಳ್ಳಿ, ಉಳಿದದ್ದು ಹೊಸ ಕ್ಲೈಂಟ್ ಹುಡುಕೋದು, ಲೆಕ್ಕ ಬರೆಯೋದು, ಬಾಕಿ ಹಣ ಕೇಳೋದು ಇದಕ್ಕೇ ಹೋಗುತ್ತೆ. ಈಗಿನ ವಾರದ ಸಂಬಳವನ್ನು 40ರಿಂದ ಭಾಗಿಸಿ ದರ ಹೇಳಿದರೆ ಆದಾಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಖೋತಾ. 25ರಿಂದ ಭಾಗಿಸಿ, ಅದರ ಮೇಲೆ ತೆರಿಗೆ, ವಿಮೆ, ಇಂಟರ್ನೆಟ್, ರಜೆಯ ದಿನಗಳನ್ನೂ ಸೇರಿಸಿ.

ಒಪ್ಪಂದ ಬರಹದಲ್ಲೇ ಇರಲಿ. ನನ್ನ ಮೊದಲ ಕ್ಲೈಂಟ್ 'ಇನ್‌ಬಾಕ್ಸ್ ನೋಡಿಕೊಂಡರೆ ಸಾಕು' ಅಂದಿದ್ದರು, ಎರಡನೇ ವಾರಕ್ಕೆ ರಾತ್ರಿ 11ಕ್ಕೆ 'ನಾಳೆಯ ಸ್ಲೈಡ್ ಸ್ವಲ್ಪ ಸರಿ ಮಾಡಿ' ಅಂತ ಮೆಸೇಜ್ ಬರತೊಡಗಿತ್ತು. ಅದಾದ ಮೇಲೆ ಯಾವ ಕೆಲಸ, ತಿಂಗಳಿಗೆ ಎಷ್ಟು ಗಂಟೆ, ಯಾವ ಹೊತ್ತಲ್ಲಿ ಸಿಗ್ತೀನಿ, ಹೆಚ್ಚುವರಿ ಕೆಲಸಕ್ಕೆ ಎಷ್ಟು ಅಂತ ಮೊದಲೇ ಬರೆದು ಕಳಿಸುತ್ತೇನೆ. ಕ್ಲೈಂಟ್ ಪಾಸ್‌ವರ್ಡ್‌ಗಳನ್ನು ಚಾಟ್‌ನಲ್ಲಿ ತಗೊಳ್ಳಲೇಬೇಡಿ, ಬಿಟ್‌ವಾರ್ಡನ್ ಥರದ ಪಾಸ್‌ವರ್ಡ್ ಮ್ಯಾನೇಜರ್ ಮೂಲಕ ಹಂಚಿಕೊಳ್ಳಲು ಹೇಳಿ.