ಸುಕ್ಕು ಬಿದ್ದರೆ ಕಮಾನು ಕುಸಿಯುವುದಿಲ್ಲ

ನಮಸ್ಕಾರ.

ಗಾಳಿ ತುಂಬಿದ ಬಟ್ಟೆಯ ಕೊಳವೆಗಳನ್ನು ಬಾಗಿಸಿ ಮಾಡುವ ಕಮಾನುಗಳ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಆದರೆ ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯಲು ಹೊರಟವರಿಗೆ ಬರಿದೇ ‘ವಿಷಾದಿಸುತ್ತೇವೆ’ ಎಂದು ಉತ್ತರಿಸಲು ಮನಸ್ಸಾಗಲಿಲ್ಲ.

ಮೊದಲ ಎರಡು ಪುಟ ‘ವಿಜ್ಞಾನದ ವಿಸ್ಮಯ’ವನ್ನು ಕೊಂಡಾಡುವುದರಲ್ಲೇ ಮುಗಿದಿವೆ, ತೆಗೆದುಹಾಕಿ. ನಿಜವಾದ ತೊಡಕಿರುವುದು ಮೂರನೆಯ ಪುಟದ ಈ ಮಾತಿನಲ್ಲಿ: ‘ಒಳಗಿನ ಗಾಳಿಯೇ ಭಾರ ಹೊರುತ್ತದೆ, ಸುಕ್ಕು ಬಿದ್ದೊಡನೆ ಕಮಾನು ಕುಸಿಯುತ್ತದೆ.’ ಇದರ ಎರಡು ಭಾಗಗಳೂ ಸರಿಯಿಲ್ಲ. ಗಾಳಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಕಮಾನು ಬಾಗದಂತೆ ತಡೆಯುವುದು ಆ ಬಿಗಿತ. ಭಾರ ಬಿದ್ದಾಗ ಕೊಳವೆಯ ಒಂದು ಬದಿಯಲ್ಲಿ ಬಿಗಿತ ಇಳಿಯುತ್ತಾ ಹೋಗಿ, ಸೊನ್ನೆ ಮುಟ್ಟಿದಲ್ಲಿ ಸುಕ್ಕು ಕಾಣಿಸಿಕೊಳ್ಳುತ್ತದೆ. ಆಗಲೂ ಉಳಿದ ಸುತ್ತು ಬಿಗಿಯಾಗಿಯೇ ಇರುತ್ತದೆ. ಬಟ್ಟೆಯನ್ನು ಎಳೆತವನ್ನಷ್ಟೇ ತಾಳುವ ತೆಳುಪೊರೆ ಎಂದು ಎಣಿಸುವ ಸರಳ ಲೆಕ್ಕದಲ್ಲಿ, ಮೊದಲ ಸುಕ್ಕಿಗೆ ಬೇಕಾದ ಬಾಗುವಿಕೆಯ ಹೊರೆ ಎರಡರಷ್ಟಾದಾಗ ನೇರ ಕೊಳವೆ ಮಡಚಿಕೊಳ್ಳುತ್ತದೆ. ಅದಕ್ಕೂ ಮುಂಚೆ ಭಾರ ತೆಗೆದರೆ ಸುಕ್ಕು ಮಾಯ. ಕಮಾನಿನಲ್ಲಾದರೆ ಉದ್ದಕ್ಕೂ ಬರುವ ಒತ್ತು ಬಿಗಿತದ ಒಂದಷ್ಟನ್ನು ಮೊದಲೇ ಕಳೆದಿರುತ್ತದೆ. ಅದನ್ನೂ ಹೇಳಬೇಕು.

ಇದು ಓದುಗರ ಕಣ್ಣಿಗೆ ಕಟ್ಟಲಿ. ಕಮಾನಿನ ಎಡಪಕ್ಕದ ಮೇಲೆ ಮಾತ್ರ ಹಿಮ ಕುಳಿತಿದೆ ಎನ್ನಿ. ಎಡಪಕ್ಕ ತಗ್ಗುತ್ತದೆ, ಬಲಪಕ್ಕ ಹೊರಕ್ಕೆ ಉಬ್ಬುತ್ತದೆ. ಎಡಗಡೆ ಸುಕ್ಕು ಹೊರಮೈಯಲ್ಲಿ, ಬಲಗಡೆ ಒಳಮೈಯಲ್ಲಿ. ಒಂದು ರೇಖಾಚಿತ್ರ ಸಾಕು.

1970ರ ಒಸಾಕಾ ವಸ್ತುಪ್ರದರ್ಶನದ ಫ್ಯೂಜಿ ಮಂಟಪವನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ಅನ್ಯಾಯ! ಯುಟಾಕಾ ಮುರಾಟಾ ವಿನ್ಯಾಸಗೊಳಿಸಿ, ಮಾಮೊರು ಕವಾಗುಚಿ ಎಂಜಿನಿಯರ್ ಆಗಿದ್ದ ಆ ಮಂಟಪದಲ್ಲಿ ತಲಾ 4 ಮೀಟರ್ ವ್ಯಾಸದ 16 ಕೊಳವೆಗಳಿದ್ದವು. ಬಿರುಗಾಳಿ ಎದ್ದರೆ ಒಳಗಿನ ಒತ್ತಡವನ್ನು ಏರಿಸುವ ಏರ್ಪಾಡಿತ್ತು. ಒತ್ತಡ ಇಮ್ಮಡಿಯಾದರೆ ಸುಕ್ಕು ಬೀಳದೆ ತಾಳುವ ಹೊರೆಯ ಮಿತಿಯೂ ಇಮ್ಮಡಿ. ಹಾಗಾದರೆ ಸದಾ ಏರಿಸಿಯೇ ಏಕೆ ಇಡಬಾರದು? ಲೆಕ್ಕ ಹಾಕಿ ತೋರಿಸಿ: ಅಷ್ಟು ದಪ್ಪದ ಕೊಳವೆಯಲ್ಲಿ ಹೊರಗಿನ ಗಾಳಿಗಿಂತ 0.1 ಬಾರ್ (ವಾಯುಮಂಡಲದ ಒತ್ತಡದ ಸುಮಾರು ಹತ್ತನೆಯ ಒಂದು ಪಾಲು) ಹೆಚ್ಚು ಒತ್ತಡವಿದ್ದರೂ ಬಟ್ಟೆಯ ಪ್ರತಿ ಮೀಟರಿಗೆ ಸುತ್ತಲಿನ ದಿಕ್ಕಿನಲ್ಲಿ 20 ಕಿಲೋನ್ಯೂಟನ್, ಉದ್ದದ ದಿಕ್ಕಿನಲ್ಲಿ 10 ಕಿಲೋನ್ಯೂಟನ್ ಎಳೆತ. ಒತ್ತಡದೊಂದಿಗೆ ಅದೂ ಏರುತ್ತದೆ. ಹೊಲಿಗೆ, ಅಂಟು, ನೂಲು ಎಲ್ಲವೂ ಅದನ್ನು ಹಗಲಿರುಳು ತಾಳಬೇಕು.

ಹಾಸಿನ ನೂಲೂ ಹೊಕ್ಕಿನ ನೂಲೂ ಒಂದೇ ರೀತಿ ಹಿಗ್ಗುವುದಿಲ್ಲ ಎಂದು ವಿವರಿಸುವ ಪ್ಯಾರಾ ಇಡೀ ಲೇಖನದಲ್ಲೇ ಅತ್ಯುತ್ತಮ. ಅದರ ಒಂದಕ್ಷರವನ್ನೂ ಬದಲಿಸದೆ ಆರಂಭಕ್ಕೆ ತನ್ನಿ. ತಿದ್ದಿದ ಪ್ರತಿಯನ್ನು ರೇಖಾಚಿತ್ರದೊಂದಿಗೆ ನನ್ನ ಹೆಸರಿಗೇ ಕಳುಹಿಸಿ.