ಕಲಬುರಗಿಯಲ್ಲಿ ಸ್ಕ್ರ್ಯಾಬಲ್ (ಇಂಗ್ಲಿಷ್ ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ಆಟ) ಆಡಲು ಜೊತೆ ಸಿಗುತ್ತಿಲ್ಲ, ಕಂಪ್ಯೂಟರ್ ಜೊತೆ ಆಡಿದರೆ ಬರೀ ಸೋಲು. ಹೀಗೆ ಆಡಿ ಉಪಯೋಗ ಇದೆಯಾ?

ಖಂಡಿತ ಇದೆ. ಮೊದಲು ಸೋಲು ಯಾಕೆ ಅಂತ ನೋಡಿ. ಕಂಪ್ಯೂಟರ್ ಹತ್ತಿರ ಇಡೀ ಪದಪಟ್ಟಿ ಇರುತ್ತದೆ. ಕೈಯಲ್ಲಿರುವ 7 ಅಕ್ಷರಗಳಿಂದ ಯಾವ ಪದ ಎಲ್ಲಿ ಕೂರುತ್ತದೆ ಅಂತ ಕ್ಷಣದಲ್ಲಿ ಹುಡುಕಿಬಿಡುತ್ತದೆ. 2006ರಲ್ಲಿ ಕ್ವಾಕಲ್ ಎಂಬ ಪ್ರೋಗ್ರಾಂ ಮಾಜಿ ವಿಶ್ವ ಚಾಂಪಿಯನ್ ಡೇವಿಡ್ ಬಾಯ್ಸ್ ಅವರನ್ನೇ ಸೋಲಿಸಿತು. ಹಾಗಾಗಿ ಬೇಜಾರು ಬೇಡ.

ಆ ಕ್ವಾಕಲ್ ಉಚಿತವಾಗಿ ಸಿಗುತ್ತದೆ. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಕಿಲ್ಲ. ನಮ್ಮ ಕಲಬುರಗಿ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡೋದೇ ಕಷ್ಟ, ಆಗ ಮನೆಯೊಳಗೆ ಕೂತು ಆಡಲು ಇದು ತುಂಬಾ ಒಳ್ಳೆಯದು. ಗೆಲ್ಲಲೇಬೇಕು ಅನ್ನೋ ಹಟ ಮಾತ್ರ ಬಿಡಿ. ನಿಮ್ಮ ಸರದಿ ಬಂದಾಗ ಮೊದಲು ನೀವೇ ಪದ ಯೋಚಿಸಿ, ಆಮೇಲೆ ಅದು ಸೂಚಿಸುವ ಪದಗಳ ಜೊತೆ ಹೋಲಿಸಿ ನೋಡಿ.

10 ಅಂಕದ ಕ್ಯೂ ಕೈಗೆ ಬಂದು, ಯು ಇಲ್ಲದೆ ಒದ್ದಾಡುತ್ತೀರಿ ಅಲ್ವಾ? ಐ ಒಂದಿದ್ದರೆ ಸಾಕು, ‘ಕ್ಯೂ-ಐ’ ಅಂತ ಎರಡೇ ಅಕ್ಷರದ ಪದ ಇಡಬಹುದು. ಇಂಥವನ್ನು ಕಂಪ್ಯೂಟರ್ ಜೊತೆ ಆಡಿಯೇ ಬೇಗ ಕಲಿಯೋದು. ಎಸ್ ಮತ್ತು ಯಾವ ಅಕ್ಷರವಾಗಿ ಬೇಕಾದರೂ ಬಳಸಬಹುದಾದ ಖಾಲಿ ಬಿಲ್ಲೆಯನ್ನು ಸುಮ್ನೆ ಸಣ್ಣ ಪದಕ್ಕೆ ಖರ್ಚು ಮಾಡಬೇಡಿ. 7 ಅಕ್ಷರ ಒಂದೇ ಸಲ ಇಟ್ಟರೆ 50 ಅಂಕ ಜಾಸ್ತಿ ಸಿಗುತ್ತದೆ, ಅದಕ್ಕೆ ಹೆಚ್ಚು ನೆರವಾಗೋದು ಇವೇ.